ಹುದ್ದೆ ತೆರವಾಯಿತು, ದನಿ ತೆರವಾಗಲಿಲ್ಲ

ತೀರಿಕೊಂಡಿದ್ದ ಒಬ್ಬ ಗಾಯಕ ಬದುಕಿದ್ದಾನೆಂದೇ ನಾನು ಸುಮಾರು ಎರಡು ವರ್ಷ ನಂಬಿಕೊಂಡಿದ್ದೆ. 1983ರ ಸುಮಾರಿನಲ್ಲಿ ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಸಹಪಾಠಿಯೊಬ್ಬನ ಬಳಿ ಒಂದು ಟೇಪ್ ರೆಕಾರ್ಡರ್ ಇತ್ತು. ಅದರ ಜೊತೆಗೆ, ಯಾರಿಂದಲೋ ನಕಲು ಮಾಡಿಸಿ ತಂದ ಎರಡು ಕ್ಯಾಸೆಟ್‌ಗಳಿದ್ದವು. ಎರಡರಲ್ಲೂ ಇದ್ದದ್ದು ಎಸಿ/ಡಿಸಿ ಎಂಬ ಆಸ್ಟ್ರೇಲಿಯಾದ ರಾಕ್ ತಂಡದ ಹಾಡುಗಳು. ಬಾಲ್‌ಪೆನ್ನಿನಲ್ಲಿ ಬರೆದ ಹೆಸರನ್ನು ಬಿಟ್ಟರೆ ಅವುಗಳ ಮೇಲೆ ಬೇರೆ ವಿವರವಿರಲಿಲ್ಲ. ಏರು ಶ್ರುತಿಯಲ್ಲಿ, ಗಂಟಲು ಹರಿದುಹೋಗುವಂತೆ ಹಾಡುತ್ತಿದ್ದವನು ಎರಡರಲ್ಲೂ ಒಬ್ಬನೇ ಎಂದು ನಾವೆಲ್ಲ ತಿಳಿದಿದ್ದೆವು. ಬಹಳ ದಿನಗಳ ಮೇಲೆ ಹಳೆಯ ಇಂಗ್ಲಿಷ್ ಪತ್ರಿಕೆಯೊಂದನ್ನು ತಿರುವಿಹಾಕುವಾಗ ನಿಜ ತಿಳಿಯಿತು. ಮೊದಲ ಕ್ಯಾಸೆಟ್ಟಿನಲ್ಲಿ ಹಾಡಿದವನು 1980ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದ. ಎರಡನೆಯದರಲ್ಲಿ ಹಾಡಿದವನು ಆತನ ಜಾಗಕ್ಕೆ ಬಂದ ಇನ್ನೊಬ್ಬ. ಸತ್ತವನ ಹೆಸರು ಬಾನ್ ಸ್ಕಾಟ್, ಬಂದವನ ಹೆಸರು ಬ್ರಯನ್ ಜಾನ್ಸನ್.

ಆ ದಿನ ನನಗಾದದ್ದು ಒಂದು ಬಗೆಯ ನಾಚಿಕೆ. ಒಬ್ಬ ಮನುಷ್ಯ ಈ ಲೋಕವನ್ನೇ ಬಿಟ್ಟು ಹೋಗಿದ್ದ, ನಮಗೆ ಅದರ ಸುಳಿವೂ ಹತ್ತಿರಲಿಲ್ಲ. ಮುಂದೆ ಮೂರು ದಶಕಗಳಿಗೂ ಮಿಕ್ಕಿ ಸರ್ಕಾರಿ ಸೇವೆಯಲ್ಲಿದ್ದು, ಎಷ್ಟೋ ಸಲ ಅಧಿಕಾರ ವಹಿಸಿಕೊಂಡು, ಅಷ್ಟೇ ಸಲ ವಹಿಸಿಕೊಟ್ಟ ನನಗೆ ಆ ನಾಚಿಕೆ ಒಂದು ಪ್ರಶ್ನೆಯಾಗಿ ಉಳಿದುಕೊಂಡಿತು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದೆಂದರೇನು? ಬಂದವರು ಯಶಸ್ವಿಯಾದರೆ ಹೋದವರು ಅಳಿಸಿಹೋಗುತ್ತಾರೆಯೇ? ಬಾನ್ ಸ್ಕಾಟ್‌ನ ಬದುಕು, ಅದಕ್ಕಿಂತ ಹೆಚ್ಚಾಗಿ ಆತನ ಸಾವಿನ ನಂತರ ನಡೆದ ಸಂಗತಿಗಳು ಇದಕ್ಕೆ ಒಂದು ಉತ್ತರ ಕೊಡುತ್ತವೆ ಎಂದು ನನಗನ್ನಿಸಿದೆ.

ಆತನ ಪೂರ್ಣ ಹೆಸರು ರೊನಾಲ್ಡ್ ಬೆಲ್‌ಫೋರ್ಡ್ ಸ್ಕಾಟ್. ಹುಟ್ಟಿದ್ದು 1946ರ ಜುಲೈ 9ರಂದು, ಸ್ಕಾಟ್ಲೆಂಡಿನ ಫಾರ್ಫರ್‌ನಲ್ಲಿ; ಮೊದಲ ವರ್ಷಗಳನ್ನು ಕಳೆದದ್ದು ಸಮೀಪದ ಕಿರಿಮ್ಯೂರ್ ಎಂಬ ಸಣ್ಣ ಪಟ್ಟಣದಲ್ಲಿ. ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಾಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು. ಬ್ರಿಟನ್ನಿನ ವಯಸ್ಕರು ಕೇವಲ 10 ಪೌಂಡ್ ಪ್ರಯಾಣ ವೆಚ್ಚ ಕೊಟ್ಟು ಅಲ್ಲಿಗೆ ಹೋಗಿ ನೆಲೆಸಬಹುದೆಂಬ ಯೋಜನೆಯನ್ನು ಆ ದೇಶದ ಸರ್ಕಾರ ಜಾರಿಗೆ ತಂದಿತ್ತು. ಮಕ್ಕಳಿಗೆ ಪ್ರಯಾಣ ಉಚಿತ. ಯುದ್ಧದ ಪೆಟ್ಟಿನಿಂದ ಇನ್ನೂ ಚೇತರಿಸಿಕೊಳ್ಳದ ಬ್ರಿಟನ್ನಿನಿಂದ ದುಡಿಯುವ ವರ್ಗದ ಕುಟುಂಬಗಳು ಆ ಕಾಲದಲ್ಲಿ ದೊಡ್ಡ ಸಂಖ್ಯೆಯಲ್ಲಿ ಹಡಗು ಹತ್ತಿದವು. ಸ್ಕಾಟ್ ಕುಟುಂಬ ವಲಸೆ ಹೋದದ್ದು 1952ರಲ್ಲಿ. ಮೊದಲು ಮೆಲ್ಬರ್ನ್‌ನ ಹೊರವಲಯದ ಸನ್‌ಶೈನ್, 1956ರ ನಂತರ ಪಶ್ಚಿಮ ಕರಾವಳಿಯ ಬಂದರು ನಗರ ಫ್ರಿಮ್ಯಾಂಟಲ್ ಅವರ ನೆಲೆಯಾಯಿತು.

ಶಾಲೆಯಲ್ಲಿ ರೊನಾಲ್ಡ್ ಎಂಬ ಹೆಸರು ಈತನೊಬ್ಬನದೇ ಆಗಿರಲಿಲ್ಲ. ಸ್ಕಾಟ್ಲೆಂಡಿನ ಉಚ್ಚಾರಣೆ ಬಿಡದ ಈ ಹುಡುಗನಿಗೆ ಆತನ ತಾಯ್ನಾಡಿನ ಅಡ್ಡಹೆಸರಾದ ‘ಬಾನೀ ಸ್ಕಾಟ್ಲೆಂಡ್’ ಅಂಟಿಕೊಂಡು ಕೊನೆಗೆ ‘ಬಾನ್’ ಆಗಿ ಉಳಿಯಿತು. ವಲಸೆ ಬಂದವರು ತಮ್ಮ ಊರಿನ ನೆನಪಿಗೆ ಕಟ್ಟಿಕೊಂಡಿದ್ದ ಬ್ಯಾಗ್‌ಪೈಪ್ ವಾದ್ಯವೃಂದದಲ್ಲಿ ಬಾನ್ ತಂದೆಯ ಜೊತೆಯಲ್ಲಿ ಡ್ರಮ್ ಬಾರಿಸಲು ಕಲಿತ. ಪೈಪ್ ಊದುವವನಾಗಿರಲಿಲ್ಲ. ಈ ಸಣ್ಣ ವಿವರವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಅದು ಮುಂದೆ ಎರಡು ಸಲ ಬರುತ್ತದೆ.

ಬಾಲ್ಯದ ಚಿತ್ರ ಇಲ್ಲಿಗೆ ಕೆಡುತ್ತದೆ. 15ನೆಯ ವಯಸ್ಸಿಗೆ ಶಾಲೆ ಬಿಟ್ಟ ಹುಡುಗ ಹೊಲದಲ್ಲಿ ಕೂಲಿ ಮಾಡಿದ, ಸಮುದ್ರದಲ್ಲಿ ಕ್ರೇಫಿಶ್ ಹಿಡಿಯುವ ದೋಣಿ ಹತ್ತಿದ, ತೂಕದ ಯಂತ್ರ ರಿಪೇರಿ ಕಲಿಯಲು ಹೋದ. ಯಾವುದರಲ್ಲೂ ನಿಲ್ಲಲಿಲ್ಲ. 1963ರಲ್ಲಿ ಪೊಲೀಸರಿಗೆ ಸುಳ್ಳು ಹೆಸರು ಮತ್ತು ವಿಳಾಸ ಕೊಟ್ಟದ್ದು, ಅವರ ವಶದಿಂದ ತಪ್ಪಿಸಿಕೊಂಡದ್ದು, ಅಪ್ರಾಪ್ತ ವಯಸ್ಸಿನ ಹುಡುಗಿಯೊಂದಿಗಿನ ಕಾನೂನುಬಾಹಿರ ಸಂಬಂಧ, 12 ಗ್ಯಾಲನ್ ಪೆಟ್ರೋಲ್ ಕದ್ದದ್ದು ಮುಂತಾದ ಆರೋಪಗಳ ಮೇಲೆ ಬಾಲಾಪರಾಧಿಗಳ ಸಂಸ್ಥೆಯೊಂದರಲ್ಲಿ ಸುಮಾರು ಒಂಬತ್ತು ತಿಂಗಳು ಕಳೆದ. ಮುಂದೆ ಸೈನ್ಯವೂ ಆತನನ್ನು, ಸಮಾಜಕ್ಕೆ ಹೊಂದಿಕೊಳ್ಳದ ಸ್ವಭಾವದವನೆಂಬ ಕಾರಣದಿಂದ ತಿರಸ್ಕರಿಸಿತು. ಖ್ಯಾತರಾದವರ ಹದಿಹರೆಯದ ತಪ್ಪುಗಳನ್ನು ತುಂಟತನವೆಂದು ಬಣ್ಣಿಸುವ ರೂಢಿ ಇದೆ. ಅದು ನನಗೆ ಒಪ್ಪಿಗೆಯಿಲ್ಲ, ಇವು ತುಂಟತನಗಳಲ್ಲ. ಆದರೆ ಸರ್ಕಾರಿ ಕಡತಗಳು ಕೈಬಿಟ್ಟ ಒಬ್ಬ ಹುಡುಗ, ಆ ಕಡತಗಳಲ್ಲಿ ಯಾವ ಕಲಮೂ ಇಲ್ಲದ ಕಡೆಯಿಂದ ಮೇಲೆದ್ದು ಬಂದ ಎಂಬುದೂ ಅಷ್ಟೇ ನಿಜ.

ಅಂಚೆಯವನಾಗಿ, ಮದ್ಯದಂಗಡಿಯ ಸಹಾಯಕನಾಗಿ, ಲಾರಿಗೆ ಸಾಮಾನು ತುಂಬುವವನಾಗಿ ದುಡಿಯುತ್ತಲೇ ಬಾನ್ 1964ರಲ್ಲಿ ಸ್ಪೆಕ್ಟರ್ಸ್ ಎಂಬ ತಂಡ ಸೇರಿದ. ಅಲ್ಲಿ ಆತನ ಮುಖ್ಯ ಕೆಲಸ ಡ್ರಮ್; ಆಗಾಗ ಹಾಡುವುದೂ ಇತ್ತು. 1966ರಲ್ಲಿ ರೂಪುಗೊಂಡ ವ್ಯಾಲೆಂಟೈನ್ಸ್ ತಂಡದಲ್ಲಿ ವಿನ್ಸ್ ಲವ್‌ಗ್ರೋವ್ ಎಂಬ ಗೆಳೆಯನೊಂದಿಗೆ ಇಬ್ಬರು ಗಾಯಕರಲ್ಲಿ ಒಬ್ಬನಾದ. 1970ರಲ್ಲಿ ಆ ತಂಡ ಚದುರಿತು. ಅಡಿಲೇಡ್‌ಗೆ ಹೋಗಿ ಫ್ರಟರ್ನಿಟಿ ಎಂಬ, ಸಂಗೀತದ ದೃಷ್ಟಿಯಿಂದ ಹೆಚ್ಚು ಗಂಭೀರವಾದ ತಂಡ ಸೇರಿದ. 1971ರಲ್ಲಿ ಅದು ರಾಷ್ಟ್ರಮಟ್ಟದ ಸ್ಪರ್ಧೆಯೊಂದನ್ನು ಗೆದ್ದು, ಅದೃಷ್ಟ ಪರೀಕ್ಷೆಗೆಂದು ಇಂಗ್ಲೆಂಡಿಗೂ ಹೋಯಿತು. ಅದೃಷ್ಟ ಕೂಡಿಬರಲಿಲ್ಲ. 1972ರ ಜನವರಿಯಲ್ಲಿ ಮದುವೆಯಾಗಿದ್ದ ಐರೀನ್ ಥಾರ್ನ್‌ಟನ್ ಜೊತೆಗಿನ ದಾಂಪತ್ಯವೂ ಬಹುಕಾಲ ಬಾಳಲಿಲ್ಲ.

1974ರ ಮೇ ತಿಂಗಳಿನಲ್ಲಿ ಅಡಿಲೇಡ್‌ನಲ್ಲಿ, ಅಭ್ಯಾಸದ ವೇಳೆ ಜಗಳವಾಡಿ ಕುಡಿದ ಅಮಲಿನಲ್ಲೇ ಮೋಟಾರ್ ಸೈಕಲ್ ಹತ್ತಿ ಹೋದ ಬಾನ್ ಭೀಕರ ಅಪಘಾತಕ್ಕೆ ಸಿಕ್ಕಿದ. ಮೂರು ದಿನ ಪ್ರಜ್ಞೆ ಇರಲಿಲ್ಲ. 18 ದಿನ ಆಸ್ಪತ್ರೆಯಲ್ಲಿದ್ದ. ಫ್ರಟರ್ನಿಟಿಯಲ್ಲಿ ಆತ ತೆರವು ಮಾಡಿದ ಜಾಗಕ್ಕೆ ಕೆಲಕಾಲ ಬಂದವನು ಮುಂದೆ ಆಸ್ಟ್ರೇಲಿಯಾದಲ್ಲಿ ಮನೆಮಾತಾದ ಜಿಮ್ಮಿ ಬಾರ್ನ್ಸ್. ಅಂದರೆ ಬಾನ್ ಬದುಕಿದ್ದಾಗಲೇ ಆತನಿಗೆ ಒಬ್ಬ ಬದಲಿ ಗಾಯಕ ಬಂದಿದ್ದ. ಅಷ್ಟೇ ಅಲ್ಲ, ಕೆಲವೇ ತಿಂಗಳುಗಳಲ್ಲಿ ಬಾನ್ ತಾನೂ ಇನ್ನೊಬ್ಬನ ಜಾಗಕ್ಕೆ ಬದಲಿಯಾಗಿ ಹೋಗುವವನಿದ್ದ.

ಸಿಡ್ನಿಯಲ್ಲಿ ಮಾಲ್ಕಂ ಯಂಗ್ ಮತ್ತು ಆಂಗಸ್ ಯಂಗ್ ಎಂಬ ಸೋದರರು 1973ರಲ್ಲಿ ಎಸಿ/ಡಿಸಿ ತಂಡ ಕಟ್ಟಿದ್ದರು. ಅವರೂ ಸ್ಕಾಟ್ಲೆಂಡಿನ ಗ್ಲಾಸ್ಗೋದವರು. ಅವರ ಕುಟುಂಬ 1963ರಲ್ಲಿ ವಲಸೆ ಬಂದಿತ್ತು. ಅವರ ಅಣ್ಣ ಜಾರ್ಜ್ ಯಂಗ್ ಈಸಿಬೀಟ್ಸ್ ತಂಡದ ಮೂಲಕ ಅದಾಗಲೇ ಹೆಸರು ಮಾಡಿದ್ದ. ಹೊಸ ತಂಡದ ಮೊದಲ ಗಾಯಕ ವೇಲ್ಸ್ ಮೂಲದ ಡೇವ್ ಇವಾನ್ಸ್. ಆತನ ಉಡುಗೆ ತೊಡುಗೆಯ ಥಳುಕು ತಮ್ಮ ಒರಟು ಸಂಗೀತಕ್ಕೆ ಹೊಂದುವುದಿಲ್ಲವೆಂದು ಸೋದರರಿಗೆ ಅನ್ನಿಸತೊಡಗಿತ್ತು. ಹಳೆಯ ಗೆಳೆಯ ಲವ್‌ಗ್ರೋವ್ ಬಾನ್ ಹೆಸರನ್ನು ಸೂಚಿಸಿದ. ಆಗ ಬಾನ್‌ಗೆ 28 ವರ್ಷ. ಮಾಲ್ಕಂಗೆ 21, ಶಾಲಾ ಸಮವಸ್ತ್ರ ತೊಟ್ಟು ಗಿಟಾರ್ ನುಡಿಸುತ್ತಿದ್ದ ಆಂಗಸ್‌ಗೆ 19. ಇವರು ಎಳಸು ಹುಡುಗರೆಂದು ಬಾನ್‌ಗೂ, ಈತ ವಯಸ್ಸಾದವನೆಂದು ಹುಡುಗರಿಗೂ ಅನ್ನಿಸಿತ್ತೆಂದು ಹೇಳುತ್ತಾರೆ. ಅಪಘಾತದಿಂದ ಚೇತರಿಸಿಕೊಂಡಿದ್ದ ಬಾನ್ 1974ರ ಕೊನೆಯ ತಿಂಗಳುಗಳಲ್ಲಿ ತಂಡ ಸೇರಿದ. ಇವಾನ್ಸ್ ಹಾಡಿ ಬಿಡುಗಡೆಯಾಗಿದ್ದ ಹಾಡೊಂದನ್ನು ಮರುವರ್ಷ ಬಾನ್ ದನಿಯಲ್ಲಿ ಮತ್ತೆ ಮುದ್ರಿಸಲಾಯಿತು. ಮೊದಲ ಗಾಯಕನನ್ನು ಇಂದು ನೆನೆಯುವವರು ವಿರಳ. ಹಾಗಾಗಿ ಈ ಕಥೆಯ ನಾಯಕನೇ ಒಂದು ಅರ್ಥದಲ್ಲಿ ಅಳಿಸಿ ಬರೆದವನು ಎಂಬುದನ್ನು ನಾವು ಮರೆಯಬಾರದು.

ಮುಂದಿನ ಐದು ವರ್ಷಗಳಲ್ಲಿ ಬಾನ್ ತಂಡದೊಂದಿಗೆ ಆರು ಸ್ಟುಡಿಯೋ ಆಲ್ಬಂಗಳನ್ನು ಹಾಡಿದ. ಹಾಡುಗಳ ಸಾಹಿತ್ಯವೂ ಆತನದೇ. ಆ ಸಾಹಿತ್ಯದ ಬಗ್ಗೆ ನನಗೆ ತಕರಾರುಗಳಿವೆ. ಹೆಣ್ಣಿನ ವಿಷಯದಲ್ಲಿ ಅದು ಬಹುಪಾಲು ಕೀಳು ಅಭಿರುಚಿಯದು. ನಮ್ಮ ಮನೆಯ ಹುಡುಗಿಯರ ಎದುರು ಅದನ್ನು ವಿವರಿಸಲು ನನಗೆ ಸಂಕೋಚವಾಗುತ್ತದೆ. ಆದರೆ ದುಡಿಮೆಯ ಬಗ್ಗೆ, ಸೋಲಿನ ಬಗ್ಗೆ, ಸಾಲ ಮತ್ತು ಸುಸ್ತಿನ ಬಗ್ಗೆ ಬರೆಯುವಾಗ ಆತನ ಮಾತಿಗೆ ಬೇರೆಯೇ ತೂಕ ಬರುತ್ತದೆ. ಮೇಲೇರುವ ದಾರಿ ಎಷ್ಟು ದೂರ ಎಂಬುದನ್ನೇ ಕುರಿತು ಆತ ಹಾಡಿದ 1975ರ ಹಾಡೊಂದಿದೆ. ಜಾರ್ಜ್ ಯಂಗ್ ಅದಕ್ಕೆ ಬ್ಯಾಗ್‌ಪೈಪ್ ಬೇಕೆಂದ. ಬಾಲ್ಯದಲ್ಲಿ ಆ ವಾದ್ಯವೃಂದದಲ್ಲಿ ಇದ್ದವನಲ್ಲವೇ ಎಂದು ಎಲ್ಲರೂ ಬಾನ್ ಕಡೆ ನೋಡಿದರು. ಆತ ಬಾರಿಸುತ್ತಿದ್ದದ್ದು ಡ್ರಮ್. ಆದರೂ ಪೈಪ್ ತರಿಸಿಕೊಂಡು ಊದಲು ಕಲಿತ. 1976ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನ ಸ್ವಾನ್‌ಸ್ಟನ್ ಬೀದಿಯಲ್ಲಿ ತೆರೆದ ಲಾರಿಯ ಮೇಲೆ ನಿಂತು, ಪೈಪ್ ಹಿಡಿದು ಆ ಹಾಡು ಹಾಡುತ್ತ ಸಾಗುವ ದೃಶ್ಯ ಇಂದಿಗೂ ಉಳಿದಿದೆ. ಸುತ್ತ ದಿನನಿತ್ಯದ ಕೆಲಸಕ್ಕೆ ಹೊರಟ ಜನ ಬೆರಗಾಗಿ ನೋಡುತ್ತಿದ್ದಾರೆ.

ಅದೇ ವರ್ಷ ತಂಡ ಬ್ರಿಟನ್ನಿಗೆ ವಾಸ್ತವ್ಯ ಬದಲಿಸಿತು. ಅಮೆರಿಕ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. 1976ರ ‘ಡರ್ಟಿ ಡೀಡ್ಸ್ ಡನ್ ಡರ್ಟ್ ಚೀಪ್’ ಆಲ್ಬಂ ಅನ್ನು ಅಲ್ಲಿ ಬಿಡುಗಡೆ ಮಾಡಲು ಅಟ್ಲಾಂಟಿಕ್ ಕಂಪನಿ ಒಪ್ಪಲೇ ಇಲ್ಲ. ಸಣ್ಣ ಸಭಾಂಗಣಗಳಲ್ಲಿ, ದೊಡ್ಡ ತಂಡಗಳ ಕಾರ್ಯಕ್ರಮಕ್ಕೆ ಮೊದಲು ಹಾಡುವವರಾಗಿ, ಊರಿಂದ ಊರಿಗೆ ಅಲೆದು ಮೂರು ವರ್ಷ ಕಳೆಯಬೇಕಾಯಿತು. 1979ರ ‘ಹೈವೇ ಟು ಹೆಲ್’ ಅಮೆರಿಕದ ಪಟ್ಟಿಯಲ್ಲಿ 17ನೆಯ ಸ್ಥಾನಕ್ಕೇರಿದಾಗ ಬಾಗಿಲು ಕೊನೆಗೂ ತೆರೆಯಿತು. ನಮ್ಮ ಹಾಸ್ಟೆಲಿನ ಮೊದಲ ಕ್ಯಾಸೆಟ್ ಇದೇ.

1980ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಮಾಲ್ಕಂ ಮತ್ತು ಆಂಗಸ್ ಮುಂದಿನ ಆಲ್ಬಂಗಾಗಿ ಎರಡು ರಾಗಗಳನ್ನು ಹದಗೊಳಿಸುತ್ತಿದ್ದರು. ಅಲ್ಲಿಗೆ ಬಂದ ಬಾನ್ ಹಾಡಲಿಲ್ಲ. ಡ್ರಮ್ ಎದುರು ಕುಳಿತು ತಾಳ ಹಾಕಿಕೊಟ್ಟ. ಫ್ರಿಮ್ಯಾಂಟಲ್‌ನ ಹುಡುಗ ಎಲ್ಲಿ ಆರಂಭಿಸಿದ್ದನೋ ಕೊನೆಗೆ ಅಲ್ಲೇ ಕುಳಿತಿದ್ದ. ಕೆಲವೇ ದಿನಗಳಲ್ಲಿ, ಫೆಬ್ರವರಿ 18ರ ರಾತ್ರಿ, ಕ್ಯಾಮ್ಡೆನ್ ಪ್ರದೇಶದ ಕ್ಲಬ್ಬೊಂದರಲ್ಲಿ ವಿಪರೀತ ಕುಡಿದ. ಪರಿಚಿತನೊಬ್ಬನ ಸಣ್ಣ ಕಾರಿನಲ್ಲಿ ನಿದ್ದೆಹೋದವನನ್ನು ಅಲ್ಲಿಯೇ ಮಲಗಲು ಬಿಡಲಾಯಿತು. ಮರುದಿನ ಸಂಜೆ ಆಸ್ಪತ್ರೆಗೆ ಒಯ್ದಾಗ ಜೀವವಿರಲಿಲ್ಲ. ತೀವ್ರ ಮದ್ಯವಿಷದಿಂದಾದ ಆಕಸ್ಮಿಕ ಸಾವು ಎಂದು ವಿಚಾರಣೆ ತೀರ್ಮಾನಿಸಿತು. ವಯಸ್ಸು 33. ಈ ಸಾವಿನ ಸುತ್ತ ಹುಟ್ಟಿಕೊಂಡ ಕಟ್ಟುಕಥೆಗಳು ಹಲವು. ನನಗೆ ಅದರಲ್ಲಿ ರಮ್ಯವಾದದ್ದೇನೂ ಕಾಣುವುದಿಲ್ಲ. ಚಳಿಗಾಲದ ರಾತ್ರಿ ಕಾರಿನಲ್ಲಿ ಒಬ್ಬಂಟಿಯಾಗಿ ಸತ್ತ ಒಬ್ಬ ಮಗ. ಭೂಮಿಯ ಇನ್ನೊಂದು ತುದಿಯಲ್ಲಿ ಸುದ್ದಿ ಕೇಳಿದ ತಂದೆ ತಾಯಿ. ಅಷ್ಟೇ.

1980 ರಾಕ್ ಸಂಗೀತಕ್ಕೆ ಕ್ರೂರವಾದ ವರ್ಷ. ಮೇ 18ರಂದು ಜಾಯ್ ಡಿವಿಷನ್ ತಂಡದ ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡ. ಸೆಪ್ಟೆಂಬರ್ 25ರಂದು ಲೆಡ್ ಜೆಪ್ಲಿನ್‌ನ ಡ್ರಮ್ ವಾದಕ ಜಾನ್ ಬಾನಮ್ ಕುಡಿತದಿಂದಲೇ ಸತ್ತ. ಮೂರು ತಂಡಗಳೂ ಒಂದೇ ಪ್ರಶ್ನೆಗೆ ಮೂರು ಬೇರೆ ಉತ್ತರ ಕೊಟ್ಟವು. ಲೆಡ್ ಜೆಪ್ಲಿನ್ ಡಿಸೆಂಬರ್‌ನಲ್ಲಿ ತಾನು ಮುಂದುವರಿಯುವುದಿಲ್ಲವೆಂದು ಪ್ರಕಟಿಸಿ ಬಾಗಿಲು ಮುಚ್ಚಿತು. ಜಾಯ್ ಡಿವಿಷನ್‌ನಲ್ಲಿ ಉಳಿದವರು ಹೊರಗಿನವರನ್ನು ಗಾಯಕನಾಗಿ ಕರೆಯದೆ, ಹಳೆಯ ಹೆಸರನ್ನು ಕೈಬಿಟ್ಟು ನ್ಯೂ ಆರ್ಡರ್ ಆದರು. ಎಸಿ/ಡಿಸಿ ಹೆಸರನ್ನು ಉಳಿಸಿಕೊಂಡು ಹೊಸಬನನ್ನು ಕರೆತಂದಿತು. ಮೂರರಲ್ಲಿ ಯಾವುದೂ ತಪ್ಪಲ್ಲ, ಆದರೆ ಮೂರನೆಯದು ಎಲ್ಲಕ್ಕಿಂತ ಅಪಾಯದ ದಾರಿ. ಮುಚ್ಚಿದ ಅಂಗಡಿಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ತೆರೆದಿಟ್ಟವನನ್ನು ಮಾತ್ರ ಪ್ರತಿದಿನ ಹಿಂದಿನವನೊಂದಿಗೆ ತೂಗಿ ನೋಡುತ್ತಾರೆ.

ತಂಡ ಮುಚ್ಚುವ ಯೋಚನೆ ಸೋದರರಿಗೂ ಬಂದಿತ್ತು. ಆದರೆ ಅಂತ್ಯಕ್ರಿಯೆಗೆ ಫ್ರಿಮ್ಯಾಂಟಲ್‌ಗೆ ಹೋದಾಗ, ಬೇರೊಬ್ಬನನ್ನು ಹುಡುಕಿಕೊಂಡು ಮುಂದುವರಿಯಿರಿ ಎಂದು ಅವರಿಗೆ ಹೇಳಿದವರು ಬಾನ್‌ನ ತಂದೆ ತಾಯಿಯೇ. ಮಗನ ಚಿತಾಭಸ್ಮ ಕೈಯಲ್ಲಿರುವಾಗ ಮಗನ ಜಾಗಕ್ಕೆ ಇನ್ನೊಬ್ಬನನ್ನು ತನ್ನಿ ಎನ್ನಲು ಎಂಥ ಮನಸ್ಸು ಬೇಕು! ಈ ಇಡೀ ಕಥೆಯಲ್ಲಿ ದೊಡ್ಡವರು ಯಾರೆಂದರೆ ನಾನು ಆ ಇಬ್ಬರ ಕಡೆ ಕೈ ತೋರಿಸುತ್ತೇನೆ.

ಹುಡುಕಾಟದಲ್ಲಿ ಮೇಲೆ ಬಂದ ಹೆಸರು ಬ್ರಯನ್ ಜಾನ್ಸನ್. ಇಂಗ್ಲೆಂಡಿನ ಈಶಾನ್ಯ ಭಾಗದ ಕಾರ್ಮಿಕ ಪ್ರದೇಶದವನು, 1947ರಲ್ಲಿ ಹುಟ್ಟಿದವನು. ಜಾರ್ಡಿ ಎಂಬ ತಂಡದಲ್ಲಿ ಕೆಲಕಾಲ ಹೆಸರು ಮಾಡಿ, ಆಮೇಲೆ ಎಲ್ಲ ಕೈತಪ್ಪಿ, ಕಾರುಗಳ ಮೇಲ್ಛಾವಣಿಗೆ ವಿನೈಲ್ ಹೊದಿಕೆ ಹಾಕುವ ಕೆಲಸಕ್ಕೆ ಮರಳಿದ್ದ. ಇಲ್ಲೊಂದು ಸೋಜಿಗವಿದೆ. 1973ರಲ್ಲಿ ಇಂಗ್ಲೆಂಡಿನಲ್ಲಿದ್ದ ಬಾನ್‌ನ ತಂಡ ಜಾರ್ಡಿಯ ಕಾರ್ಯಕ್ರಮಗಳಿಗೆ ಮೊದಲು ಹಾಡುತ್ತಿತ್ತು. ಅಲ್ಲಿ ಜಾನ್ಸನ್ ವೇದಿಕೆಯಲ್ಲಿ ಕಿರುಚುತ್ತ ಹೊರಳಾಡಿದ್ದನ್ನು ಕಂಡು ಬಾನ್ ಬೆರಗಾಗಿ, ಅದನ್ನು ಆಂಗಸ್‌ಗೆ ವರ್ಷಗಳ ನಂತರವೂ ಹೊಗಳಿ ಹೇಳಿದ್ದನಂತೆ. ಜಾನ್ಸನ್ ನಿಜವಾಗಿ ಹೊರಳಿದ್ದು ಅಪೆಂಡಿಸೈಟಿಸ್ ನೋವಿನಿಂದ! ಹೇಗೂ ಇರಲಿ, ತನ್ನ ಉತ್ತರಾಧಿಕಾರಿಯ ಬಗ್ಗೆ ಒಳ್ಳೆಯ ಮಾತನ್ನು ಬಾನ್ ಮೊದಲೇ ಬಿಟ್ಟು ಹೋಗಿದ್ದ.

1980ರ ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಬಹಾಮಾಸ್‌ನ ನಸ್ಸೌನಲ್ಲಿ ಹೊಸ ಆಲ್ಬಂ ಮುದ್ರಣವಾಯಿತು. ಹಾಡುಗಳ ಸಾಹಿತ್ಯ ಯಂಗ್ ಸೋದರರ ಜೊತೆ ಜಾನ್ಸನ್ ಹೆಸರಿನಲ್ಲಿದೆ. ಬಾನ್ ಬರೆದಿಟ್ಟ ಸಾಲುಗಳನ್ನು ಬಳಸಿದ್ದಾರೆಂಬ ಅನುಮಾನವನ್ನು ಕೆಲವರು ಇಂದಿಗೂ ಎತ್ತುತ್ತಾರೆ, ತಂಡ ಅದನ್ನು ನಿರಾಕರಿಸುತ್ತಲೇ ಬಂದಿದೆ. ಆಲ್ಬಂ ಆರಂಭವಾಗುವುದೇ ಸಾವಿನ ಗಂಟೆಯಿಂದ. ಅದು ಲಫ್‌ಬರೋ ಪಟ್ಟಣದ ಗಂಟೆ ಎರಕದ ಕಾರ್ಖಾನೆಯ ನಿಜವಾದ ಗಂಟೆ. ಹೊದಿಕೆ ಪೂರ್ತಿ ಕಪ್ಪು. ಹೆಸರು ‘ಬ್ಯಾಕ್ ಇನ್ ಬ್ಲ್ಯಾಕ್’. ಜುಲೈ 25ರಂದು ಅದು ಬಿಡುಗಡೆಯಾದಾಗ ಬಾನ್ ಸತ್ತು ಐದು ತಿಂಗಳು ಮಾತ್ರ ಆಗಿತ್ತು. ಜಗತ್ತಿನಲ್ಲಿ ಅದರ ಸುಮಾರು 5 ಕೋಟಿ ಪ್ರತಿಗಳು ಮಾರಾಟವಾಗಿವೆ ಎಂಬ ಅಂದಾಜಿದೆ, ಅಮೆರಿಕವೊಂದರಲ್ಲೇ 2.5 ಕೋಟಿ ಪ್ರತಿಗಳೆಂದು 2019ರಲ್ಲಿ ದೃಢೀಕರಿಸಲಾಯಿತು. ನಮ್ಮ ಎರಡನೆಯ ಕ್ಯಾಸೆಟ್ ಇದು. ಕಪ್ಪು ಹೊದಿಕೆಯನ್ನು ನಾವು ನೋಡಿದ್ದರೆ ಬಹುಶಃ ಏನೋ ನಡೆದಿದೆ ಎಂದು ಊಹಿಸುತ್ತಿದ್ದೆವು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಸಂಗತಿ. ನಮಗೆ ಮೊದಲ ವರ್ಷವೇ ಬದಲಿ ಸರಕು, ಪೂರಕ ಸರಕು ಎಂದು ಎರಡು ಬಗೆ ಕಲಿಸುತ್ತಾರೆ. ಕಾಫಿ ಮತ್ತು ಚಹಾ ಪರಸ್ಪರ ಬದಲಿ. ಒಂದು ಹೆಚ್ಚು ಮಾರಿದರೆ ಇನ್ನೊಂದು ಇಳಿಯುತ್ತದೆ. ಕಾಫಿ ಮತ್ತು ಸಕ್ಕರೆ ಪೂರಕ. ಒಂದು ಏರಿದರೆ ಇನ್ನೊಂದೂ ಏರುತ್ತದೆ. ಜಾನ್ಸನ್ ಬಂದದ್ದು ಬದಲಿಯಾಗಿ. ಹಾಗಿದ್ದರೆ ಬಾನ್‌ಗೆ ಬೇಡಿಕೆ ಕುಸಿಯಬೇಕಿತ್ತು. ನಡೆದದ್ದು ಬೇರೆ. 1976ರಲ್ಲಿ ಕಂಪನಿ ತಿರಸ್ಕರಿಸಿದ್ದ ಬಾನ್‌ನ ‘ಡರ್ಟಿ ಡೀಡ್ಸ್’ 1981ರಲ್ಲಿ, ಹೊಸಬನ ಯಶಸ್ಸಿನ ಬೆನ್ನಲ್ಲೇ, ಅಮೆರಿಕದಲ್ಲಿ ಬಿಡುಗಡೆಯಾಗಿ ಅಲ್ಲಿನ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೇರಿತು. ‘ಬ್ಯಾಕ್ ಇನ್ ಬ್ಲ್ಯಾಕ್’ ಏರಿದ್ದು 4ನೆಯ ಸ್ಥಾನಕ್ಕೆ. ಬದುಕಿದ್ದಾಗ ಆ ದೇಶ ಕೇಳಲು ಒಪ್ಪದ ದನಿಯನ್ನು, ಸತ್ತ ಮೇಲೆ, ಆತನ ಜಾಗಕ್ಕೆ ಬಂದವನು ಕೇಳಿಸಿದ. ಬದಲಿಯೆಂದು ಬಂದವನು ಪೂರಕನಾಗಿದ್ದ.

ಇದು ಹೇಗೆ ಸಾಧ್ಯವಾಯಿತು? ತಂಡ ಹುದ್ದೆಯನ್ನು ಮಾತ್ರ ಭರ್ತಿ ಮಾಡಿತು, ಮನುಷ್ಯನನ್ನು ಭರ್ತಿ ಮಾಡಲು ಹೋಗಲಿಲ್ಲ. ಸತ್ತವನಂತೆ ಹಾಡೆಂದು ಹೊಸಬನನ್ನು ಒತ್ತಾಯಿಸಲಿಲ್ಲ. ಹೊಸಬ ತನ್ನ ಊರಿನ ಟೋಪಿಯಲ್ಲಿ, ತನ್ನದೇ ಕಂಠದಲ್ಲಿ ಹಾಡಿದ. ಬಾನ್ ಹಾಡುಗಳನ್ನು ವೇದಿಕೆಯಲ್ಲಿ ಜೀವಂತವಾಗಿಟ್ಟ. ಆದರೆ ಬ್ಯಾಗ್‌ಪೈಪ್‌ನ ಆ ಒಂದು ಹಾಡು ಬಾನ್‌ಗೆ ಸೇರಿದ್ದೆಂದು ದಶಕಗಳ ಕಾಲ ಅದನ್ನು ಮುಟ್ಟಲಿಲ್ಲ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಖಾಲಿ ಬಿಡಬೇಕು ಎಂಬ ಈ ವಿವೇಕ ದೊಡ್ಡ ಸಂಸ್ಥೆಗಳಿಗೂ ಸುಲಭವಾಗಿ ಬರುವುದಿಲ್ಲ.

ನನಗೂ ಬಂದಿರಲಿಲ್ಲ. ಸೇವೆಯ ಆರಂಭದ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವೊಂದಕ್ಕೆ ನನ್ನ ವರ್ಗವಾಯಿತು. ಹಿಂದಿನ ಅಧಿಕಾರಿ ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಪ್ರಭಾರ ಪತ್ರಕ್ಕೆ ವಹಿಸಿಕೊಡುವವರ ಸಹಿ ಇಲ್ಲದೆ ನಾನೊಬ್ಬನೇ ಸಹಿ ಹಾಕಿ ಕುರ್ಚಿಯಲ್ಲಿ ಕುಳಿತೆ. ಅವರು ವಾರಕ್ಕೊಂದು ದಿನ ಕಚೇರಿಯ ಜಗುಲಿಯಲ್ಲಿ ಬೆಂಚು ಹಾಕಿಸಿಕೊಂಡು ರೈತರೊಡನೆ ಹರಟುತ್ತ ಅರ್ಜಿ ತೀರ್ಮಾನ ಮಾಡುತ್ತಿದ್ದರೆಂದು ಎಲ್ಲರೂ ಹೇಳಿದರು. ನಾನೂ ಬೆಂಚು ಹಾಕಿಸಿದೆ. ನನಗೆ ಹರಟೆ ಬಾರದು. ಜನ ಸುಮ್ಮನೆ ನಿಂತು ನೋಡಿ ಹೋದರು. ಮೂರು ವಾರಗಳ ನಂತರ ಬೆಂಚನ್ನು ಒಳಗಿಡಿಸಿ, ನನಗೆ ಬರುವ ಕೆಲಸಕ್ಕೆ ಕೈಹಾಕಿದೆ. ವರ್ಷಗಳಿಂದ ಬಾಕಿಯಿದ್ದ ಕಡತಗಳನ್ನು ಒಂದೊಂದಾಗಿ ಮುಗಿಸುತ್ತ ಬಂದೆ. ಕೆಲವು ತಿಂಗಳಾದ ಮೇಲೆ ಜನ ತಾವಾಗಿ ಒಳಗೆ ಬಂದು ಕೂತು ಹಿಂದಿನ ಸಾಹೇಬರ ಕಥೆ ಹೇಳತೊಡಗಿದರು. ಅವರ ನೆನಪು ನನ್ನ ಎದುರು ಬಿಚ್ಚಿಕೊಂಡ ಆ ದಿನವೇ ಅಧಿಕಾರ ನಿಜವಾಗಿ ನನ್ನ ಕೈಗೆ ಬಂದಿತೆಂದು ಈಗ ಅನ್ನಿಸುತ್ತದೆ. ಅಲ್ಲಿಯವರೆಗೆ ನಾನು ಅವರ ಜಾಗದಲ್ಲಿದ್ದೆ, ಅವರ ನೆನಪಿಗೆ ಅಡ್ಡವಾಗಿಯೂ ಇದ್ದೆ.

ಯಾರೂ ಅನಿವಾರ್ಯರಲ್ಲ ಎಂಬ ಮಾತನ್ನು ನಮ್ಮ ಕಚೇರಿಗಳಲ್ಲಿ ವಿದಾಯ ಸಮಾರಂಭದ ಮರುದಿನವೇ ಹೇಳುತ್ತಾರೆ. ಹುದ್ದೆಗಳ ಮಟ್ಟಿಗೆ ಅದು ನಿಜ. ನಿಜವಾಗಿರಲೂ ಬೇಕು, ಇಲ್ಲದಿದ್ದರೆ ಆಡಳಿತ ನಡೆಯದು. ಆದರೆ ಆ ಮಾತನ್ನು ಮನುಷ್ಯರಿಗೆ ಅನ್ವಯಿಸುವ ಸಂಸ್ಥೆ ಮೆಲ್ಲನೆ ತನ್ನ ನೆನಪನ್ನೇ ಕಳೆದುಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ, ಹೋದವರ ಭಾವಚಿತ್ರಕ್ಕೆ ಹಾರ ಹಾಕಿ ಬಂದವರಿಗೆ ಕೆಲಸವನ್ನೇ ಮಾಡಗೊಡದ ಸಂಸ್ಥೆಗಳನ್ನೂ ನಾವು ಬಲ್ಲೆವು. ಎರಡೂ ಸುಲಭ. ಜಾಗ ತುಂಬಿಸುತ್ತಲೇ ನಷ್ಟವನ್ನು ಒಪ್ಪಿಕೊಳ್ಳುವುದು ಕಷ್ಟ.

ಜಾನ್ಸನ್‌ಗೂ ಬದಲಿ ಬರುವ ದಿನ ಬಂತು. 2016ರಲ್ಲಿ, ಹೀಗೇ ಹಾಡಿದರೆ ಪೂರ್ಣ ಕಿವುಡಾಗುವ ಅಪಾಯವಿದೆ ಎಂದು ವೈದ್ಯರು ಎಚ್ಚರಿಸಿದ್ದರಿಂದ ಆತ ಪ್ರವಾಸದ ನಡುವೆಯೇ ನಿಲ್ಲಬೇಕಾಯಿತು. ಮೇ 7ರಂದು ಲಿಸ್ಬನ್‌ನಲ್ಲಿ ಆತನ ಬದಲು ಹಾಡಿದವನು ಗನ್ಸ್ ಎನ್ ರೋಸಸ್ ತಂಡದ ಆಕ್ಸಲ್ ರೋಸ್; ಕಾಲಿಗೆ ಪೆಟ್ಟಾಗಿದ್ದುದರಿಂದ ಕುರ್ಚಿಯಲ್ಲಿ ಕುಳಿತೇ ಹಾಡಿದ. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು, ಏಪ್ರಿಲ್ 30ರಂದು, ಸ್ಕಾಟ್ಲೆಂಡಿನ ಕಿರಿಮ್ಯೂರ್‌ನಲ್ಲಿ ಬಾನ್ ಸ್ಕಾಟ್‌ನ ಕಂಚಿನ ಪ್ರತಿಮೆ ಅನಾವರಣಗೊಂಡಿತ್ತು, ಕಂಕುಳಲ್ಲಿ ಬ್ಯಾಗ್‌ಪೈಪ್ ಸಹಿತ. ಫ್ರಿಮ್ಯಾಂಟಲ್‌ನ ಮೀನುಗಾರಿಕಾ ಬಂದರಿನಲ್ಲಿ 2008ರಿಂದಲೇ ಆತನ ಇನ್ನೊಂದು ಪ್ರತಿಮೆ ಇದೆ. ನಾಲ್ಕನೆಯವನು ಮೂರನೆಯವನ ಜಾಗದಲ್ಲಿ ಕುಳಿತ ಹೊತ್ತಿನಲ್ಲೇ ಹಿಂದಿನವನು ತನ್ನ ಬಾಲ್ಯದ ಊರಿಗೆ ಮರಳಿದ್ದ. ಜಾನ್ಸನ್ 2020ರ ಆಲ್ಬಂನಲ್ಲಿ ಮತ್ತೆ ಹಾಡಿದ. 2024ರ ಯೂರೋಪ್ ಪ್ರವಾಸದಲ್ಲಿ, 76ರ ವಯಸ್ಸಿನಲ್ಲಿ, ತನ್ನ ಹಾಡುಗಳ ಜೊತೆ ಬಾನ್ ಹಾಡುಗಳನ್ನೂ ಹಾಡಿದ. ಮಾಲ್ಕಂ ಮಾತ್ರ 2017ರಲ್ಲಿ ತೀರಿಕೊಂಡಿದ್ದ.

ನಿವೃತ್ತಿಯ ಬಿಡುವಿನಲ್ಲಿ ಆ ಎರಡೂ ಆಲ್ಬಂಗಳನ್ನು ನಾನು ಮತ್ತೆ ಕೇಳಿದೆ. ಈಗ ವ್ಯತ್ಯಾಸ ತಿಳಿಯುತ್ತದೆ. ಬಾನ್ ಹಾಡುವಾಗ ಪಕ್ಕದಲ್ಲಿ ನಿಂತು ಯಾವುದೋ ಪೋಲಿ ಕಥೆ ಹೇಳುತ್ತ ಕಣ್ಣು ಮಿಟುಕಿಸಿದಂತಿರುತ್ತದೆ. ಜಾನ್ಸನ್‌ದು ಕಾರ್ಖಾನೆಯ ಸೈರನ್, ದೂರದಿಂದ ಎಲ್ಲರನ್ನೂ ಒಟ್ಟಿಗೆ ಕೂಗಿ ಕರೆಯುವಂಥದ್ದು. ಅದನ್ನು ಗುರುತಿಸಲು ನನ್ನ ಕಿವಿಗೆ ನಲವತ್ತು ವರ್ಷ ಬೇಕಾಯಿತು. ಹಾಸ್ಟೆಲಿನ ಆ ಸಹಪಾಠಿ ಈಗಿಲ್ಲ. ಇದ್ದಿದ್ದರೆ, ನಾವು ಕೇಳುತ್ತಿದ್ದುದು ಇಬ್ಬರನ್ನು ಕಣೋ ಎಂದು ಅವನಿಗೆ ಹೇಳುತ್ತಿದ್ದೆ.